ಅರ್ಧ ನೀರಲ್ಲಿ ಉಸಿರು ಕಟ್ಟುವ ಹಳೇ ಔಟ್‌ಬೋರ್ಡ್ ಮೋಟಾರ್: ದೋಷ ಹುಡುಕುವ ದಾರಿ

"ಸ್ಟಾರ್ಟ್ ಏನೋ ಆಯ್ತದೆ ಅಣ್ಣ. ಚರ್ಚಿನ ಗೋಡೆ ಕಾಣೋ ಹೊತ್ತಿಗೆ ಉಸಿರು ಕಟ್ತದೆ."

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಹುಡುಗ, ದೋಣಿಯ ಹಿಂಬದಿಗೆ ಬಿಗಿಯುವ ಒಂದು ಹಳೇ ಮೋಟಾರನ್ನು ಹಾಸನದ ನನ್ನ ಶೆಡ್ಡಿಗೆ ತಂದು ಇಳಿಸುವಾಗ ಹೇಳಿದ ಮಾತಿದು. ಅವನು ಹೇಳಿದ್ದು ಶೆಟ್ಟಿಹಳ್ಳಿಯ ಚರ್ಚು. 1860ರ ದಶಕದಲ್ಲಿ ಕಟ್ಟಿದ್ದು, ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದಲ್ಲ, ಅದೇ. ಅವನು ದೋಣಿ ಬಿಡುವ ದಡದಿಂದ ಅಲ್ಲಿಗೆ ಹತ್ತು ಹನ್ನೆರಡು ನಿಮಿಷದ ದಾರಿ. ಅಷ್ಟು ಹೊತ್ತು ಚೆನ್ನಾಗಿ ಓಡುತ್ತೆ, ಆಮೇಲೆ ಎಳೆತ ಬಿಟ್ಟು ಗೊರಗೊರ ಅಂದು ನಿಲ್ಲುತ್ತೆ. ಐದು ನಿಮಿಷ ಬಿಟ್ಟು ಹಗ್ಗ ಎಳೆದರೆ ಮತ್ತೆ ಓಡುತ್ತೆ. ನಡುನೀರಲ್ಲಿ ಹೀಗಾದರೆ ಹುಟ್ಟು ಹಾಕಿಕೊಂಡೇ ಬರಬೇಕು. ಗಾಳಿ ಎದುರಿಗಿದ್ದರೆ ಅದೂ ಕಷ್ಟ.

ಮೋಟಾರು ಎರಡು ಸಿಲಿಂಡರಿನ ಟೂ ಸ್ಟ್ರೋಕ್, ಹತ್ತು ಎಚ್‌ಪಿ ಆಸುಪಾಸಿನದು. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅಷ್ಟರಲ್ಲಾಗಲೇ ಇಬ್ಬರು ಮೆಕ್ಯಾನಿಕ್ಕರು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದರು. ನಮ್ಮಲ್ಲಿ ಇದೊಂದು ಅಭ್ಯಾಸ. ಇಂಜಿನ್ ಕೆಮ್ಮಿದರೆ ಸಾಕು, ಮೊದಲು ಸ್ಪ್ಯಾನರ್ ಹೋಗೋದು ಕಾರ್ಬೊರೇಟರಿಗೆ. ಇದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಬಿಚ್ಚುವ ಮುಂಚೆ ಮೋಟಾರನ್ನೇ ನಾಲ್ಕು ಪ್ರಶ್ನೆ ಕೇಳಿ. ಅದು ಉತ್ತರ ಕೊಡುತ್ತೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಪ್ಲಗ್ಗು, ಪೈಪು, ಜೆಟ್ಟು ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಮುಂದಿನ ವರ್ಷ ಅದೇ ತೊಂದರೆ ಬಂದಾಗ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ.

ಆರ್‌ಎಕ್ಸ್ 100 ಬೈಕಿನಲ್ಲಿ ಕೈ ಪಳಗಿದವರಿಗೆ ಈ ಕೆಲಸ ಹೊಸದೇನಲ್ಲ. ಇಂಜಿನ್ ಇರುವ ತಲೆ ಭಾಗ ಹೆಚ್ಚುಕಮ್ಮಿ ಅದೇ. ಬೇರೆ ಇರೋದು ಮೂರೇ: ಇದು ನೀರಿನಿಂದ ತಣ್ಣಗಾಗುತ್ತೆ, ಪೆಟ್ರೋಲನ್ನು ದೂರದ ಟ್ಯಾಂಕಿನಿಂದ ಹೀರಿಕೊಳ್ಳುತ್ತೆ, ಮತ್ತು ಇದರ ಮೇಲೆ ಭಾರ ಒಂದೇ ಸಮನೆ ಬೀಳುತ್ತೆ. ಬೈಕಿನ ಹಾಗೆ ಇಳಿಜಾರಲ್ಲಿ ಉಸಿರು ತೆಗೆದುಕೊಳ್ಳೋಕೆ ಇದಕ್ಕೆ ಜಾಗ ಇಲ್ಲ.

ಮೊದಲು ಕೇಳಬೇಕಾದ್ದು: ಯಾವಾಗ?

ತಣ್ಣಗಿದ್ದಾಗ ತೊಂದರೆಯೋ, ಬಿಸಿಯಾದ ಮೇಲೋ? ನಿಧಾನಕ್ಕೆ ಓಡುವಾಗಲೋ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಲೋ? ನಿಧಾನದಲ್ಲಿ ಸತ್ತು, ಜೋರಿನಲ್ಲಿ ಚೆನ್ನಾಗಿ ಓಡಿದರೆ ಸ್ಲೋ ಜೆಟ್ (ನಿಧಾನದ ಓಟಕ್ಕೆ ಪೆಟ್ರೋಲ್ ಬಿಡುವ, ಕಾರ್ಬೊರೇಟರಿನ ಸಣ್ಣ ತೂತು) ಕಟ್ಟಿರುವ ಸಾಧ್ಯತೆ ಜಾಸ್ತಿ. ನಿಧಾನದಲ್ಲಿ ಚೆನ್ನಾಗಿದ್ದು ಜೋರಿನಲ್ಲಿ ಕೈಕೊಟ್ಟರೆ ಪೆಟ್ರೋಲ್ ಸಾಕಾಗ್ತಿಲ್ಲ ಅಥವಾ ಮೇನ್ ಜೆಟ್ ಕಟ್ಟಿದೆ. ಇಂಜಿನ್ ಕಿರುಚುತ್ತೆ, ದೋಣಿ ಮಾತ್ರ ಮುಂದೆ ಹೋಗಲ್ಲ ಅಂದರೆ ತೊಂದರೆ ಇಂಜಿನ್ನಿನಲ್ಲಿ ಇಲ್ಲವೇ ಇಲ್ಲ, ಕೆಳಗೆ ನೀರು ತಳ್ಳುವ ಫ್ಯಾನಿನಲ್ಲಿ (ಪ್ರೊಪೆಲರ್) ಇದೆ.

ನಮ್ಮ ಹುಡುಗನದು ಎರಡನೇ ಜಾತಿ. ಜೋರಿನಲ್ಲಿ, ಅದೂ ಹತ್ತು ನಿಮಿಷದ ಮೇಲೆ. ಅದರ ಜೊತೆ ಇನ್ನೊಂದು ಮಾತನ್ನೂ ಹೇಳಿದ: "ನಿಂತಲ್ಲೇ ಓಡಿಸಿದರೆ ದೋಣಿಯೆಲ್ಲಾ ನಡುಗ್ತದೆ." ಇದನ್ನು ಬೇರೆ ಗೆರೆಯಲ್ಲಿ ಬರೆದಿಟ್ಟುಕೊಂಡೆ. ಹಳೇ ಮೋಟಾರಿನಲ್ಲಿ ಎರಡು ದೋಷ ಒಟ್ಟಿಗೆ ಇರೋದು ಅಪರೂಪ ಅಲ್ಲ. ಒಂದೇ ಕಾರಣ ಹುಡುಕುತ್ತಾ ಹೋದರೆ ದಾರಿ ತಪ್ಪುತ್ತೆ.

ಪೆಟ್ರೋಲ್ ನೋಡಿ, ವಾಸನೆ ನೋಡಿ

ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ. ಈಗ ಬಂಕಿನಲ್ಲಿ ಸಿಗೋದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎಥನಾಲು ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತೆ. ಟ್ಯಾಂಕಿನ ಪೈಪು ಹೀರೋದು ತಳದಿಂದಲೇ. ಅಲ್ಲದೆ ಹಳೇ ಮೋಟಾರಿನ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ತೆಳು ಹಾಳೆಯಾದ ಡಯಾಫ್ರಾಮ್, ವಾಷರ್ ಯಾವುದೂ ಈ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಉಬ್ಬುತ್ತೆ, ಮೆತ್ತಗಾಗುತ್ತೆ, ಒಳಗಿನ ಪದರ ಸುಲಿಯುತ್ತೆ. ತಿಂಗಳುಗಟ್ಟಲೆ ಇಟ್ಟ ಪೆಟ್ರೋಲಿಗೆ ವಾರ್ನಿಷಿನ ಹಾಗೆ ಹಳಸಲು ವಾಸನೆ ಬರುತ್ತೆ. ಅಂಥದ್ದನ್ನು ಮೋಟಾರಿಗೆ ಹಾಕಬೇಡಿ.

ಆಯಿಲ್ ಬಗ್ಗೆ ಒಂದು ಮಾತು. ಬೈಕಿನ 2ಟಿ ಆಯಿಲ್ ಗಾಳಿಯಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು. ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯೂ3 ಅಂತ ಡಬ್ಬಿ ಮೇಲೆ ಬರೆದಿರುವ ಆಯಿಲ್ ಬೇಕು. ಬೆರಕೆ 50ಕ್ಕೆ 1 ಅಂದರೆ ಐದು ಲೀಟರ್ ಪೆಟ್ರೋಲಿಗೆ 100 ಮಿಲಿ. ಆದರೆ ಎಲ್ಲ ಹಳೇ ಮೋಟಾರಿಗೂ ಇದೇ ಅಲ್ಲ. ಕೆಲವಕ್ಕೆ ಇದರ ಎರಡರಷ್ಟು ಬೇಕು. ಮೋಟಾರಿನ ಮೇಲಿನ ಪಟ್ಟಿಯಲ್ಲೋ ಅದರ ಪುಸ್ತಕದಲ್ಲೋ ಏನಿದೆ ಅದನ್ನೇ ನಂಬಿ.

ಡ್ರಮ್ಮಿನಲ್ಲಿ ಓಡಿಸುವ ಕ್ರಮ

ನೀರಿಲ್ಲದೆ ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಮೋಟಾರಿನ ಕಾಲಿನ, ಅಂದರೆ ನೀರಿಗೆ ಇಳಿಯುವ ಕೆಳಭಾಗದ, ಒಳಗೆ ರಬ್ಬರ್ ರೆಕ್ಕೆಯ ಒಂದು ಸಣ್ಣ ಪಂಪ್ ಚಕ್ರ ಇದೆ. ಒಣಗಿ ತಿರುಗಿದರೆ ನೋಡನೋಡುತ್ತಲೇ ಸುಟ್ಟುಹೋಗುತ್ತೆ. 200 ಲೀಟರಿನ ಡ್ರಮ್ಮಿಗೆ ನೀರು ತುಂಬಿಸಿ, ಗಟ್ಟಿ ಮರದ ಚೌಕಟ್ಟಿಗೆ ಮೋಟಾರ್ ಬಿಗಿದು, ಫ್ಯಾನ್ ಬಿಚ್ಚಿಟ್ಟು ಓಡಿಸಿ. ಫ್ಯಾನ್ ಇದ್ದರೆ ಡ್ರಮ್ಮಿನ ನೀರೆಲ್ಲಾ ಹೊರಗೆ ಎರಚುತ್ತೆ, ಕೈಗೂ ಅಪಾಯ. ಶೆಡ್ಡಿನ ಒಳಗೆ ಬೇಡ, ಬಯಲಲ್ಲಿ ಮಾಡಿ, ಹೊಗೆ ವಿಷ. ಸಾಗಿಸುವಾಗ, ಮಲಗಿಸುವಾಗ ತಲೆ ಭಾಗ ಯಾವಾಗಲೂ ಕಾಲಿಗಿಂತ ಮೇಲಿರಲಿ. ಇಲ್ಲದಿದ್ದರೆ ಕಾಲಿನಲ್ಲಿ ಉಳಿದ ನೀರು ಸಿಲಿಂಡರಿಗೆ ಇಳಿಯುತ್ತೆ.

ಡ್ರಮ್ಮಿನಲ್ಲಿ ಭಾರ ಇರಲ್ಲ. ಅದಕ್ಕೇ ಇಬ್ಬರು ಮೆಕ್ಯಾನಿಕ್ಕರ ಹತ್ತಿರವೂ "ಚೆನ್ನಾಗೇ ಓಡ್ತಿದೆಯಲ್ಲಾ" ಅನ್ನಿಸಿಕೊಂಡು ಈ ಮೋಟಾರು ವಾಪಸ್ ಹೋಗಿತ್ತು. ಜೋರಿನ ದೋಷ ನೋಡಬೇಕಾದರೆ ದೋಣಿಗೆ ಕಟ್ಟಿ ಹಿನ್ನೀರಿಗೇ ಹೋಗಬೇಕು. ನಾವೂ ಹೋದೆವು. ಲೈಫ್ ಜಾಕೆಟ್, ಎರಡು ಹುಟ್ಟು, ಜೊತೆಗೆ ನನ್ನದೇ ಒಂದು ಬೇರೆ ಟ್ಯಾಂಕು ಮತ್ತು ಪೈಪು. ಈ ಕೊನೆಯದ್ದು ಎಷ್ಟು ಕೆಲಸಕ್ಕೆ ಬಂತು ಅನ್ನೋದನ್ನು ಮುಂದೆ ಹೇಳುತ್ತೇನೆ.

ರಬ್ಬರ್ ಗುಂಡು ಹೇಳುವ ಸತ್ಯ

ಟ್ಯಾಂಕಿನಿಂದ ಮೋಟಾರಿಗೆ ಬರುವ ಪೈಪಿನ ನಡುವೆ ಕೈಯಲ್ಲಿ ಹಿಂಡುವ ಒಂದು ರಬ್ಬರ್ ಗುಂಡು ಇದೆ. ಇಡೀ ಮೋಟಾರಿನಲ್ಲಿ ದೋಷ ಹುಡುಕೋಕೆ ಇದಕ್ಕಿಂತ ಒಳ್ಳೇ ಸಾಧನ ಇಲ್ಲ. ಅದರ ಎರಡು ತುದಿಯಲ್ಲೂ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇರುತ್ತೆ. ಬಾಣದ ಗುರುತು ಮೋಟಾರಿನ ಕಡೆಗೆ ಇರಬೇಕು. ಬಾಣವನ್ನು ಮೇಲಕ್ಕೆ ಮಾಡಿ ಹಿಡಿದು ಹಿಂಡಿದರೆ ಏಳೆಂಟು ಸಲಕ್ಕೆ ಗಟ್ಟಿಯಾಗಬೇಕು. ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ವಾಲ್ವ್ ಹೋಗಿದೆ, ಇಲ್ಲಾ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲಾ ಕಾರ್ಬೊರೇಟರಿನ ಫ್ಲೋಟ್ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲ. ಕೊನೆಯದಾದರೆ ಕಾರ್ಬೊರೇಟರ್ ಬಾಯಿಂದ ಪೆಟ್ರೋಲ್ ಒಸರುತ್ತೆ, ಕಣ್ಣಿಗೇ ಕಾಣುತ್ತೆ.

ಮೋಟಾರ್ ಓಡುವಾಗ ಗುಂಡು ಸ್ವಲ್ಪ ಮೆತ್ತಗಿರೋದು ಸಹಜ. ಗಮನ ಇಡಬೇಕಾದ್ದು ಎಳೆತ ಬಿಡುವ ಆ ಹೊತ್ತಿನಲ್ಲಿ.

ಹುಡುಗ ಹಿಂದೆ ಕೂತು ಮೋಟಾರ್ ಹಿಡಿದಿದ್ದ. ನಾನು ಗುಂಡನ್ನು ಅಂಗೈಯಲ್ಲಿ ಹಿಡಿದು ಕೂತೆ. ಎಂಟು ನಿಮಿಷ ಏನೂ ಇಲ್ಲ. ಆಮೇಲೆ ಅಂಗೈಯಲ್ಲೇ ಗೊತ್ತಾಯ್ತು. ಗುಂಡಿನ ಎರಡು ಪಕ್ಕ ನಿಧಾನಕ್ಕೆ ಒಳಗೆ ಹೋದವು. ಬಾಯಿ ಮುಚ್ಚಿದ ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ ಚಪ್ಪಟೆಯಾಯಿತು. ಅದಾಗಿ ಅರ್ಧ ನಿಮಿಷಕ್ಕೆ ಮೋಟಾರು ಗೊರಗೊರ ಅಂತು.

"ನಿಲ್ಸಬೇಡ, ಸ್ವಲ್ಪ ಆಕ್ಸಿಲರೇಟರ್ ಇಳಿಸು ಕಣಪ್ಪ" ಅಂದೆ. ಇಳಿಸಿದ. ಗುಂಡು ನಿಧಾನಕ್ಕೆ ಉಬ್ಬಿಕೊಂಡಿತು, ಮೋಟಾರೂ ಚೇತರಿಸಿಕೊಂಡಿತು.

ಅರ್ಧ ಕೆಲಸ ಅಲ್ಲೇ ಮುಗಿಯಿತು. ಗುಂಡು ಚಪ್ಪಟೆಯಾದರೆ ತಡೆ ಇರೋದು ಟ್ಯಾಂಕಿನ ಕಡೆ. ಪೆಟ್ರೋಲ್ ಪಂಪು ಹೀರುತ್ತಿದೆ, ಹಿಂದಿನಿಂದ ಬರುತ್ತಿಲ್ಲ. ಅದರ ಬದಲು ಗುಂಡು ಚಪ್ಪಟೆಯಾಗದೆ, ಕೈಯಲ್ಲಿ ಹಿಂಡಿದಾಗ ಮಾತ್ರ ಮೋಟಾರ್ ಓಡಿದ್ದರೆ ತಪ್ಪು ಪಂಪಿನ ಡಯಾಫ್ರಾಮಿನದು ಅಥವಾ ಎಲ್ಲೋ ಸೇರುವ ಗಾಳಿಯದು. ಗಾಳಿ ಅನುಮಾನ ಬಂದರೆ ಗುಂಡಿಗೂ ಮೋಟಾರಿಗೂ ನಡುವೆ ಒಂದಡಿ ಪಾರದರ್ಶಕ ಪೈಪ್ ಹಾಕಿ ಓಡಿಸಿ. ಗುಳ್ಳೆ ಬಂದರೆ ಕಾಣುತ್ತೆ.

ಮೊದಲು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು ನೋಡಿದೆ. ತೆರೆದೇ ಇತ್ತು. ಮುಚ್ಚಳವನ್ನೇ ಸಡಿಲ ಮಾಡಿ ಓಡಿಸಿದೆವು, ಮತ್ತೆ ಚಪ್ಪಟೆ. ಅಂದರೆ ಗಾಳಿಯದಲ್ಲ. ಆಮೇಲೆ ನನ್ನ ಟ್ಯಾಂಕು, ನನ್ನ ಪೈಪು ಕೂಡಿಸಿದೆವು. ಇಪ್ಪತ್ತು ನಿಮಿಷ ಪೂರ್ತಿ ಜೋರಿನಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ನೋಡಿ, ಕಾರ್ಬೊರೇಟರನ್ನು ಮುಟ್ಟಲೇ ಇಲ್ಲ.

ದಡಕ್ಕೆ ಬಂದು ಅವನ ಟ್ಯಾಂಕಿನ ಹೀರುವ ಪೈಪನ್ನು ಹೊರಗೆಳೆದೆವು. ತುದಿಯ ಸಣ್ಣ ಜಾಲರಿ ಕಾಣುತ್ತಲೇ ಇರಲಿಲ್ಲ. ತಳ ಹಿಡಿದ ಬೆಲ್ಲದ ಪಾಕದ ಹಾಗೆ ಕಂದು ಲೋಳೆ ಸುತ್ತ ಮೆತ್ತಿತ್ತು. ಹಳೇ ಪೆಟ್ರೋಲಿನ ಅಂಟು, ಕಬ್ಬಿಣದ ಟ್ಯಾಂಕಿನ ತುಕ್ಕು. ನಿಧಾನಕ್ಕೆ ಓಡುವಾಗ ಆ ಲೋಳೆಯ ಸಂದಿನಿಂದ ಬರುವಷ್ಟು ಪೆಟ್ರೋಲ್ ಸಾಕು. ಜೋರಿನಲ್ಲಿ ಇಂಥ ಮೋಟಾರಿಗೆ ಗಂಟೆಗೆ ನಾಲ್ಕು ಲೀಟರ್ ಆಸುಪಾಸು ಬೇಕು, ಅಷ್ಟು ಬರಲ್ಲ. ಓಡಿದಷ್ಟೂ ಕಸ ಜಾಲರಿಗೆ ಬಂದು ಕೂರುತ್ತೆ. ನಿಲ್ಲಿಸಿದರೆ ಹೀರುವಿಕೆ ನಿಂತು ಕಸ ಕೆಳಗೆ ಉದುರುತ್ತೆ, ಮತ್ತೆ ಹತ್ತು ನಿಮಿಷ ಓಡುತ್ತೆ. "ಐದು ನಿಮಿಷ ಬಿಟ್ಟರೆ ಸರಿಹೋಗ್ತದೆ" ಅಂದಿದ್ದಕ್ಕೆ ಇದೇ ಕಾರಣ. ಜಾಲರಿ ತೊಳೆದು, ಟ್ಯಾಂಕ್ ಖಾಲಿ ಮಾಡಿ ಜಾಲಿಸಿ, ಹಳೇ ಪೈಪು ಗುಂಡು ಎರಡನ್ನೂ ಬದಲಾಯಿಸಿದೆವು.

ಇದನ್ನು ದಯವಿಟ್ಟು ಗಮನಿಸಿ. ಪೆಟ್ರೋಲ್ ಸಾಲದೆ ಓಡುವ ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ಲೂ ಸಾಲುತ್ತಿರಲ್ಲ. ಆಯಿಲ್ ಬರೋದು ಪೆಟ್ರೋಲಿನ ಜೊತೆಗೇ. "ಹೆಂಗೋ ದಡ ಸೇರಿದರೆ ಸಾಕು" ಅಂತ ಪೂರ್ತಿ ಆಕ್ಸಿಲರೇಟರ್ ಹಿಡಿದು ಎಳೆದರೆ ಪಿಸ್ಟನ್ ಸೀಜ್ ಆಗುತ್ತೆ. ಎಳೆತ ಬಿಟ್ಟ ಕೂಡಲೇ ವೇಗ ಇಳಿಸಿ.

ಕಾರ್ಬೊರೇಟರ್ ಬಿಚ್ಚಲೇಬೇಕಾದರೆ

ಚೋಕ್ ಪರೀಕ್ಷೆ ಮಾಡಿ. ಮಿಸ್ಸಿಂಗ್ ಹೊಡೆಯುವಾಗ ಚೋಕನ್ನು ಸ್ವಲ್ಪವೇ ಎಳೆಯಿರಿ. ಚೇತರಿಸಿಕೊಂಡರೆ ಪೆಟ್ರೋಲ್ ಕಮ್ಮಿ ಆಗಿತ್ತು. ಇನ್ನೂ ಕೆಟ್ಟರೆ ಪೆಟ್ರೋಲ್ ಜಾಸ್ತಿ ಆಗಿದೆ, ಅಥವಾ ದೋಷ ಕರೆಂಟಿನದು. ಬಿಚ್ಚುವ ಮುಂಚೆ ಮಿಕ್ಸ್ಚರ್ ತಿರುಪನ್ನು ಮೆತ್ತಗೆ ಪೂರ್ತಿ ಮುಚ್ಚಿ, ಎಷ್ಟು ಸುತ್ತು ಹೋಯಿತು ಅಂತ ಎಣಿಸಿ ಬರೆದಿಡಿ. ಸ್ಲೋ ಜೆಟ್ಟಿನ ತೂತು ಕೂದಲಷ್ಟು ಸಣ್ಣ. ಬೆಳಕಿಗೆ ಹಿಡಿದರೆ ಗುಂಡಗೆ ಕಾಣಬೇಕು. ಕಟ್ಟಿದ್ದರೆ ಕ್ಲೀನರ್ ಹೊಡೆದು, ಕರೆಂಟ್ ವೈರಿನ ತಾಮ್ರದ ಒಂದೇ ಎಳೆಯಿಂದ ಬಿಡಿಸಿ. ಸೂಜಿ, ಪಿನ್ನು ಬೇಡ. ತೂತು ದೊಡ್ಡದಾದರೆ ಆ ಜೆಟ್ ಹೋಯಿತು ಅಂತಲೇ ಲೆಕ್ಕ.

ನಡುಕದ ಕಾರಣ

ಈಗ ಎರಡನೇ ಗೆರೆಗೆ ಬರೋಣ. ಎಳೆತ ಬಂತು, ನಡುಕ ಹೋಗಲಿಲ್ಲ. ಪ್ಲಗ್ ಬಿಚ್ಚಿದರೆ ಮೇಲಿನದು ತಿಳಿ ಕಂದು, ಕೆಳಗಿನದು ಕಪ್ಪಗೆ ಒದ್ದೆ. ಕೆಳಗಿನ ಸಿಲಿಂಡರ್ ನಿಧಾನದಲ್ಲಿ ಕೆಲಸವನ್ನೇ ಮಾಡುತ್ತಿಲ್ಲ.

ಇದನ್ನು ಖಚಿತ ಮಾಡಿಕೊಳ್ಳೋಕೆ ಓಡುವಾಗ ಒಂದೊಂದೇ ಪ್ಲಗ್ ಕ್ಯಾಪ್ ಕಳಚಿ ನೋಡುತ್ತಾರೆ. ಕಳಚಿದಾಗ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಸತ್ತಿದೆ. ಆದರೆ ಸುಮ್ನೆ ಕಳಚಿ ಗಾಳಿಯಲ್ಲಿ ಬಿಡಬೇಡಿ. ಕರೆಂಟಿಗೆ ಹೋಗೋಕೆ ದಾರಿ ಇಲ್ಲದಿದ್ದರೆ ಕಾಯಿಲ್ ಅಥವಾ ಸಿಡಿಐ (ಕಿಡಿಗೆ ಕರೆಂಟ್ ಕಳಿಸುವ ಪೆಟ್ಟಿಗೆ) ಸುಟ್ಟುಹೋಗಬಹುದು. ಎರಡೂ ಪ್ಲಗ್ಗಿಗೆ ಒಂದೇ ಕಾಯಿಲ್ ಇರುವ ಮೋಟಾರಿನಲ್ಲಿ ಒಂದನ್ನು ತೆಗೆದರೆ ಇನ್ನೊಂದೂ ಕೈಕೊಟ್ಟು ನಿಮ್ಮ ಲೆಕ್ಕ ತಪ್ಪುತ್ತೆ. ಮೋಟಾರ್ ನಿಲ್ಲಿಸಿ, ಆ ಕ್ಯಾಪಿಗೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿಗೆ ತಂತಿಯಿಂದ ಕಟ್ಟಿ, ಆಮೇಲೆ ಸ್ಟಾರ್ಟ್ ಮಾಡಿ. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು.

ಎರಡು ಪ್ಲಗ್ಗನ್ನು ಅದಲುಬದಲು ಮಾಡಿದೆ. ದೋಷ ಕೆಳಗೇ ಉಳಿಯಿತು. ಪ್ಲಗ್ಗಿನದಲ್ಲ. ಕ್ಯಾಪುಗಳನ್ನು ವೈರಿನಿಂದ ತಿರುಗಿಸಿ ತೆಗೆದು ಅದಲುಬದಲು ಮಾಡಿದೆ. ದೋಷ ಮೇಲಕ್ಕೆ ಬಂತು! ಕ್ಯಾಪಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಹಸಿರು ಕಿಲುಬು. ಸಮುದ್ರದ ಉಪ್ಪು ಶಿರಾಡಿ ಘಾಟಿ ಹತ್ತಿ ಇಲ್ಲಿಯವರೆಗೂ ಬಂದಿತ್ತು. ಸಂಜೆ ಕತ್ತಲಾದ ಮೇಲೆ ಲೈಟ್ ಆರಿಸಿ ಓಡಿಸಿದೆವು. ಕ್ಯಾಪಿನ ಹೊರಮೈ ಮೇಲೆ ಸಣ್ಣ ನೀಲಿ ಎಳೆ ಇರುವೆ ಹರಿದ ಹಾಗೆ ಹರಿಯುತ್ತಿತ್ತು. ಕರೆಂಟು ಪ್ಲಗ್ಗಿಗೆ ಹೋಗದೆ ಅಲ್ಲಿಂದಲೇ ಇಳಿಯುತ್ತಿತ್ತು. ಹಗಲಲ್ಲಿ ಇದು ಕಾಣಲ್ಲ. ವೈರಿನ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಹೊಸ ಕ್ಯಾಪ್ ಹಾಕಿದೆ. ನಡುಕ ಅಲ್ಲಿಗೆ ನಿಂತಿತು.

ಕಂಪ್ರೆಷನ್, ಎತ್ತರ, ಸೀಮೆಎಣ್ಣೆ

ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗೆ ಹುಟ್ಟುವ ಒತ್ತಡ, ನೋಡೋಕೆ ಎರಡೂ ಪ್ಲಗ್ ತೆಗೆದು, ಕ್ಯಾಪುಗಳನ್ನು ಅರ್ತ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತೆರೆದು, ಗೇಜ್ ಹಾಕಿ ಮುಳ್ಳು ನಿಲ್ಲುವವರೆಗೆ ಹಗ್ಗ ಎಳೆಯಿರಿ. ಇಲ್ಲಿ ಅಂಕಿ ಎಷ್ಟು ಅನ್ನೋದಕ್ಕಿಂತ ಎರಡು ಸಿಲಿಂಡರಿನ ನಡುವಿನ ವ್ಯತ್ಯಾಸ ಮುಖ್ಯ. ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಇದ್ದರೆ ಚಿಂತೆ ಮಾಡಿ. ನಮ್ಮದು 92 ಮತ್ತು 88 ಪಿಎಸ್‌ಐ ಬಂತು. ಹುಡುಗನ ಮುಖ ಬಾಡಿತು. "ನೂರಿಪ್ಪತ್ತು ಇರಬೇಕು ಅಂದಿದ್ರಲ್ಲಾ ಅಣ್ಣ?"

ಇರಬೇಕಿಲ್ಲ. ಹೇಮಾವತಿ ಜಲಾಶಯದ ಪೂರ್ಣ ಮಟ್ಟವೇ 2922 ಅಡಿ, ಅಂದರೆ ಸುಮಾರು 890 ಮೀಟರ್. ಇಲ್ಲಿ ಗಾಳಿಯ ಒತ್ತಡ ಸಮುದ್ರದ ದಡಕ್ಕಿಂತ ನೂರಕ್ಕೆ ಹತ್ತರಷ್ಟು ಕಮ್ಮಿ. ಅಲ್ಲಿ 120 ತೋರಿಸುವ ಒಳ್ಳೇ ಮೋಟಾರು ಇಲ್ಲಿ 108ರ ಹತ್ತಿರ ತೋರಿಸುತ್ತೆ. ಬಲವೂ ಹೆಚ್ಚುಕಮ್ಮಿ ಅಷ್ಟೇ ಕಮ್ಮಿ. ಗಾಳಿ ತೆಳುವಾದ್ದರಿಂದ ಅಲ್ಲಿನ ಜೆಟ್ಟು ಇಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಕೊಡುತ್ತೆ, ಪ್ಲಗ್ ಬೇಗ ಕಪ್ಪಾಗುತ್ತೆ. ಜೊತೆಗೆ ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆ ಮೋಟಾರುಗಳೇ ಜಾಸ್ತಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಕಾಕ್ ಅವಕ್ಕೆ ಇರುತ್ತೆ. ಅವುಗಳ ಕಂಪ್ರೆಷನ್ ಮೊದಲಿನಿಂದಲೇ ಕಮ್ಮಿ ಇಟ್ಟಿರುತ್ತಾರೆ. ನಮ್ಮದೂ ಅದೇ ಜಾತಿ, ಕಾಕಿನ ಗುರುತು ಹಾಗೇ ಇತ್ತು. ಅದನ್ನು ಪೆಟ್ರೋಲಿನಲ್ಲಿ ಓಡಿಸಬಹುದು, ಆದರೆ ಅದೇ ಎಚ್‌ಪಿಯ ಪೆಟ್ರೋಲ್ ಮೋಟಾರಿನಷ್ಟು ಎಳೆತ ಬರಲ್ಲ. ಕಡಿಮೆ ಪಿಚ್ಚಿನ, ಅಂದರೆ ಒಂದು ಸುತ್ತಿಗೆ ಕಮ್ಮಿ ದೂರ ತಳ್ಳುವ, ಫ್ಯಾನ್ ಹಾಕಿದರೆ ನಮ್ಮ ಎತ್ತರದಲ್ಲಿ ಇಂಜಿನ್ನಿಗೆ ಉಸಿರಾಟ ಸುಲಭ.

ನೀರು ಮತ್ತು ಫ್ಯಾನ್

ಓಡುವಾಗ ತಲೆ ಭಾಗದ ಕೆಳಗಿನ ಸಣ್ಣ ತೂತಿನಿಂದ ನೀರಿನ ಧಾರೆ ಬರುತ್ತಲೇ ಇರಬೇಕು. ಧಾರೆ ಸಣ್ಣಗಾದರೆ ಮೊದಲು ಆ ತೂತಿಗೇ ದಪ್ಪ ನೈಲಾನ್ ದಾರ ತೂರಿಸಿ ನೋಡಿ, ಕೆಸರು ಕಟ್ಟಿರುತ್ತೆ. ಆಮೇಲೆ ಕಾಲಿನ ಪಕ್ಕದ ನೀರಿನ ಬಾಯಿಯಲ್ಲಿ ಕಳೆ, ಪ್ಲಾಸ್ಟಿಕ್ ಸಿಕ್ಕಿದೆಯಾ ನೋಡಿ. ಆಮೇಲೂ ಬರದಿದ್ದರೆ ರಬ್ಬರ್ ಚಕ್ರ ಬದಲಾಯಿಸಿ. ಹಳೇ ಮೋಟಾರ್ ಕೊಂಡರೆ ಅದನ್ನು ಕೇಳದೆಯೇ ಬದಲಾಯಿಸೋದು ಒಳ್ಳೇದು.

ಫ್ಯಾನ್ ಬಿಚ್ಚಿದಾಗ ಶಾಫ್ಟಿಗೆ ಬಲೆಯ ದಾರ ಸುತ್ತಿದೆಯಾ ನೋಡಿ. ಅದು ಸೀಲನ್ನು ಕೊಯ್ಯುತ್ತೆ, ಗೇರ್ ಆಯಿಲಿಗೆ ನೀರು ಸೇರುತ್ತೆ. ಕೆಳಗಿನ ತಿರುಪು ಸ್ವಲ್ಪ ಸಡಿಲಿಸಿ ಎರಡು ಹನಿ ಆಯಿಲ್ ಬೆರಳಿಗೆ ಹಿಡಿಯಿರಿ. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಇಂಜಿನ್ ಕಿರುಚಿ ದೋಣಿ ಹೋಗದಿದ್ದರೆ ಫ್ಯಾನಿನ ನಡುವಿನ ಒಳಕೊಳವೆಯಿಂದ ಹೊರಭಾಗಕ್ಕೆ ಒಂದೇ ನೇರಕ್ಕೆ ಪೇಂಟಿನ ಗೆರೆ ಎಳೆದು ಓಡಿಸಿ. ವಾಪಸ್ ಬಂದಾಗ ಗೆರೆ ತುಂಡಾಗಿ ಬೇರೆ ಬೇರೆ ಕಡೆ ಇದ್ದರೆ ಒಳಗಿನ ರಬ್ಬರ್ ಜಾರುತ್ತಿದೆ.

ಮೂರನೇ ದಿನ ಅವನದೇ ಟ್ಯಾಂಕ್ ಹಾಕಿಕೊಂಡು ಚರ್ಚಿನವರೆಗೆ ಹೋಗಿ ಬಂದೆವು. ಗುಂಡು ಕೊನೆಯವರೆಗೂ ನನ್ನ ಅಂಗೈಯಲ್ಲೇ ಇತ್ತು, ಒಳಗೆ ಹೋಗಲಿಲ್ಲ. ದಡಕ್ಕೆ ಬರುವ ಮುಂಚೆ ಪೂರ್ತಿ ಜೋರಿನಲ್ಲಿ ಓಡುತ್ತಿದ್ದ ಹಾಗೆಯೇ ನಿಲ್ಲಿಸಿ, ಹುಟ್ಟು ಹಾಕಿಕೊಂಡು ಬಂದು ಪ್ಲಗ್ ಬಿಚ್ಚಿದೆವು. ನಿಧಾನಕ್ಕೆ ಓಡಿಸಿ ನಿಲ್ಲಿಸಿದರೆ ಜೋರಿನ ಬಣ್ಣ ಪ್ಲಗ್ಗಿನ ಮೇಲೆ ಉಳಿಯಲ್ಲ. ಹುಡುಗ ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಎರಡೂ ತಿಳಿ ಕಂದು. ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಅವನಿಗೆ ಗೊತ್ತಾಗಲಿಲ್ಲ.